ಕೈಯೆತ್ತಿದವ್ವ

ಹೊಸಪೇಟೆ
೧೨ ಜನವರಿ ೨೦೦೪

ಶ್ರೀಮತಿ ದೇವಿಕಾ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಾನು ವಿದ್ಯಾಧೀಶ, ಹೊಸಪೇಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಸಂಡೂರಿನ ದೊಡ್ಡ ಸರ್ಕಲ್ಲಿನಲ್ಲಿ ಯುದ್ಧಸ್ಮಾರಕವೊಂದನ್ನು ನಿಲ್ಲಿಸಬೇಕೆಂದು ಊರಿನ ಪ್ರಮುಖರೂ ಗಣಿಯ ಸಾಹುಕಾರರೊಬ್ಬರೂ ಸೇರಿ ಸಮಿತಿ ಮಾಡಿದ್ದಾರೆ. ಅದರ ಕಾರ್ಯದರ್ಶಿ ನಾನು. ಕಾರ್ಗಿಲ್ಲಿನಲ್ಲಿ ಮಡಿದ ನಿಮ್ಮ ಪತಿ ಉಜ್ಜಿನಪ್ಪನವರ ಹೆಸರಿನಲ್ಲಿ ಈ ಸ್ಮಾರಕ.

ಬಂದೂಕು ಹಿಡಿದ ಸಿಮೆಂಟಿನ ಸಿಪಾಯಿಯನ್ನು ನಿಲ್ಲಿಸಿ ಬೆಳ್ಳಿಬಣ್ಣ ಬಳಿಸುವುದು ಸಾಹುಕಾರರ ಆಸೆಯಾಗಿತ್ತು. ಅಂಥವು ಊರೂರಿನಲ್ಲೂ ಇವೆ, ಎರಡು ಮಳೆಗಾಲಕ್ಕೆ ಮೂಗು ಉದುರುತ್ತದೆ. ಹಂಪಿಯ ಮಗ್ಗುಲಲ್ಲಿ ಬದುಕುವ ನಾವು ಹಾಗೆ ಮಾಡಬಾರದೆಂದು ನಾನು ಹಟ ಹಿಡಿದೆ. ನಮ್ಮ ಹಿರಿಯರು ಮಡಿದವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಕೆಳಗೆ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅದೇ ಪದ್ಧತಿಯಲ್ಲಿ ಕಡ್ಡಿರಾಂಪುರದ ಶಿಲ್ಪಿಯೊಬ್ಬರು ಕೆತ್ತುತ್ತಿದ್ದಾರೆ.

ವೀರನ ಪಕ್ಕದಲ್ಲಿ ಅವನ ಮಡದಿಯೂ ಇರಬೇಕು. ಶಿಲ್ಪಿ ನಿಮ್ಮ ಫೋಟೋ ತೆಗೆದುಕೊಳ್ಳುತ್ತಾರೆ. ಬರುವ ಭಾನುವಾರ ನಮ್ಮ ಮನೆಗೆ ಬನ್ನಿ. ಮುಖಕ್ಕೆ ಪೌಡರು ಗೀಡರು ಏನೂ ಬೇಡ, ಶೋಕ ಸಹಜವಾಗಿ ಕಾಣಲಿ. ಬಸ್ಸಿನ ಖರ್ಚು ಸಮಿತಿಯದು.

ಇತಿ ಶುಭ ಕೋರುವ,
ವಿದ್ಯಾಧೀಶ

•

ಬಂಡ್ರಿ
೨ ಫೆಬ್ರುವರಿ ೨೦೦೪

ಯಲ್ಲೇಶಾ,

ಅತ್ತೆ ಎಮ್ಮೆ ಹೊಡೆದುಕೊಂಡು ಕೆರೆಗೆ ಹೋಗಿದ್ದಾಳೆ. ಅಂಗನವಾಡಿಯ ಮಕ್ಕಳು ಉಪ್ಪಿಟ್ಟು ತಿಂದು ಮಲಗಿವೆ. ಇಷ್ಟು ಹೊತ್ತು ನನ್ನದು. ನೀನು ಬೇಲೆಕೇರಿ ಬಂದರಿಗೆ ಅದಿರು ಸುರಿದು ಬರುವಷ್ಟರಲ್ಲಿ ಈ ಕಾಗದ ನಿಮ್ಮ ಲಾರಿ ಆಫೀಸಿಗೆ ಮುಟ್ಟಿರಲಿ ಅಂತ ಇವತ್ತೇ ಬರೆಯುತ್ತಿದ್ದೇನೆ.

ಸುದ್ದಿ ಕೇಳಿ ಕುಣಿಯಬೇಡ, ಕೈಯಲ್ಲಿ ಸ್ಟೇರಿಂಗ್ ಇರುತ್ತದೆ. ಅತ್ತೆ ಒಪ್ಪಿದಳು. ನಾನು ಬಾಯಿ ಬಿಡುವ ಮೊದಲೇ ಅವಳೇ ಅಂದಳು: "ಐದು ವರ್ಷ ನನ್ನ ಮಗನ ಹೆಸರಿನ ಮ್ಯಾಗ ಕುಂತಿ. ಸಾಕು. ಆ ಲಾರಿ ಹುಡುಗ ಚೊಲೊ ಅದಾನ ಅಂತಾರ. ಯುಗಾದಿ ಆಗ್ಲಿ, ನಾನಾ ನಿಂತು ಉಡಿಕಿ ಮಾಡ್ತೀನಿ." ಗಂಡ ಸತ್ತವಳಿಗೆ ಹಳೆಯ ಅತ್ತೆಯೇ ಹೊಸ ಸೀರೆ ಉಡಿಸಿ ಇನ್ನೊಬ್ಬನ ಕೈಗೆ ಕೊಡುವುದೆಂದರೆ ಸಣ್ಣ ಮಾತಲ್ಲ. ನಮ್ಮ ಮಂದಿಯಲ್ಲಿ ಅವಳು ಕೊಡದೆ ಯಾರೂ ನನ್ನನ್ನು ಕಟ್ಟಿಕೊಳ್ಳುವ ಹಾಗಿಲ್ಲ. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ನಿಂತು ಅತ್ತುಬಿಟ್ಟೆ. ಒಂದೇ ಒಂದು ರಜೆಯಷ್ಟು ಸಂಸಾರ ಮಾಡಿ ಇಷ್ಟು ವರ್ಷ ಗೋಡೆ ನೋಡಿಕೊಂಡು ಮಲಗಿದ್ದೇನೆ, ಅಳಬಾರದೇ?

ಇನ್ನೊಂದು ಮಜಾ ಕೇಳು. ಸಂಡೂರು ಸರ್ಕಲ್ಲಿನಲ್ಲಿ ಉಜ್ಜಿನಪ್ಪನ ಕಲ್ಲು ನಿಲ್ಲಿಸುತ್ತಾರಂತೆ, ಜೊತೆಗೆ ನನ್ನದೂ. ಫೋಟೋ ತೆಗೆಸಲು ಹೊಸಪೇಟೆಗೆ ಹೋಗಿದ್ದೆ. ವಿದ್ಯಾಧೀಶ ಸರ್ ಮನೆಯಲ್ಲಿ ಅವರ ಹೆಂಡತಿ ಸೀತಾಬಾಯಿ ತಟ್ಟೆಯಲ್ಲಿ ಹಸಿರು ಬಳೆ ತಂದು ನೆಲದ ಮೇಲಿಟ್ಟರು, ಕೈಗೆ ಕೊಡಲಿಲ್ಲ. "ಫೋಟೋ ಸಲುವಾಗಿ ಅಷ್ಟ ಹಾಕ್ಕೋಮ್ಮಾ" ಅಂದರು. ಮೊಳಕೈವರೆಗೆ ಏರಿಸಿದೆ. ಯುದ್ಧಕ್ಕೆ ಹೊರಟವನನ್ನು ಕಳಿಸುವ ಹಾಗೆ ಬಲಗೈ ಎತ್ತು ಅಂದರು ಸರ್. ನಾನು ಉಜ್ಜಿನಪ್ಪನನ್ನು ಕಳಿಸಿದ್ದು ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ, ಎರಡೂ ಕೈಯಲ್ಲಿ ಅವನ ಚೀಲ ಇದ್ದವು. ಇರಲಿ ಅಂತ ಎತ್ತಿದೆ. ಬಳೆ ಸದ್ದು ಮಾಡಿದವು. ನೀನು ನೆನಪಾಗಿ ನಗು ಬಂತು. "ನಗಬ್ಯಾಡ್ರಿ, ಕಲ್ಲಿನ್ಯಾಗ ಹಲ್ಲು ಕೆತ್ತೂದು ತ್ರಾಸ" ಅಂದ ಶಿಲ್ಪಿ.

ಬಳೆ ತೆಗೆದು ಕೊಡಲು ಹೋದರೆ ಸೀತಾಬಾಯಿ ಹಿಂದೆ ಸರಿದರು. "ನೀನಾ ಇಟ್ಕೋ, ನಾವು ತಿರುಗಿ ತೊಗೊಳ್ಳಂಗಿಲ್ಲ. ಆದ್ರ ಹಾಕ್ಕೋಬ್ಯಾಡ ಮತ್ತ." ಬಸ್ಸು ಸಂಡೂರಿನ ಘಾಟಿ ಹತ್ತುವವರೆಗೂ ಹಾಕಿಕೊಂಡೇ ಇದ್ದೆ. ಮೈಗೆ ಏನೂ ಆಗಲಿಲ್ಲ.

ನಿನ್ನ,
ದೇವಿಕಾ

•

ಹೊಸಪೇಟೆ
೧೮ ಫೆಬ್ರುವರಿ ೨೦೦೪

ದೇವಿಕಾ,

ನಿನ್ನಂಗ ಪುಸ್ತಕದ ಮಾತು ನನಗ ಬರೂದಿಲ್ಲ. ಮಾತಾಡಿದಂಗ ಬರೀತೀನಿ, ಬೈಬ್ಯಾಡ. ಲಾರಿ ಲೋಡ್ ಆಗೂ ಮಟ ಟೈರಿನ ಮ್ಯಾಗ ಕುಂತು ಬರ್ಯಾಕತ್ತೀನಿ, ಹಾಳಿ ಎಲ್ಲ ಕೆಂಪ ಆಗೈತಿ.

ನಿನ್ನ ಕಾಗದ ನಾಕ ಸಲ ಓದಿದೆ. ನಮ್ಮವ್ವಗ ಹೇಳೀನಿ. "ಗಂಡ ಸತ್ತಾಕಿ ಅಂದ್ರೇನಾತು, ಆಕಿ ಅತ್ತಿ ಬಿಟ್ಟುಕೊಟ್ರ ಸಾಕು" ಅಂದ್ಲು. ತೋರಣಗಲ್ಲಿನ್ಯಾಗ ಫ್ಯಾಕ್ಟರಿ ಬಸ್ ಓಡಸೂ ಕೆಲಸಕ್ಕ ಕೇಳೀನಿ. ಅದು ಸಿಕ್ಕರ ದಿನಾ ಮನಿಗೆ ಬರ್ತೀನಿ. ಒಂದು ರೂಮು ನೋಡೀನಿ, ನಳ ಒಳಗ ಐತಿ.

ಕಡ್ಡಿರಾಂಪುರದ ಮ್ಯಾಗ ಹಾಯ್ದು ಬರಾಕಾರ ಲಾರಿ ನಿಲ್ಲಿಸಿ ನಿನ್ನ ಕಲ್ಲು ನೋಡಿದೆ. ಇನ್ನ ಮೂಗಿನ ಮಟ ಅಷ್ಟ ಆಗೈತಿ. ಮೂಗು ನಿನ್ನಕಿಂತ ಚೊಲೊ ಐತಿ. ಸಿಟ್ಟು ಮಾಡಬ್ಯಾಡ, ನನಗ ಈ ಮೂಗಾ ಸಾಕು.

ಯಲ್ಲೇಶ್

•

ಬಂಡ್ರಿ
೩೦ ಮಾರ್ಚ್ ೨೦೦೪

ವಿದ್ಯಾಧೀಶ ಸರ್ ಅವರಿಗೆ ನಮಸ್ಕಾರ.

ಕಲ್ಲು ಮುಗಿಯುತ್ತ ಬಂದಿದೆ, ಬಂದು ನೋಡಿ ಎಂದು ನೀವು ಹೇಳಿ ಕಳಿಸಿದ್ದಿರಿ. ಯುಗಾದಿ ಮುಗಿದ ಮೇಲೆ ನಮ್ಮ ಅತ್ತೆ ನಿಂಗಕ್ಕ, ಊರಿನ ಹಿರಿಯಳು ಮರುಳಸಿದ್ದಮ್ಮ, ಓಣಿಯ ಒಂದಿಷ್ಟು ಮಂದಿ ಸೇರಿ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಕಡ್ಡಿರಾಂಪುರಕ್ಕೆ ಹೋಗಿದ್ದೆವು.

ಉಜ್ಜಿನಪ್ಪನ ಮುಖ ಬಹಳ ಚೆನ್ನಾಗಿ ಬಂದಿದೆ. ಅತ್ತೆ ಅದರ ಕೆನ್ನೆ ಸವರಿ ಅತ್ತಳು. ಆಮೇಲೆ ಎಲ್ಲರೂ ಪಕ್ಕದಲ್ಲಿ ಕೆತ್ತಿದ ನನ್ನನ್ನು ನೋಡಿದರು. ಒಂದು ಕಂಬ ಕೆತ್ತಿದ್ದಾರೆ, ಆ ಕಂಬದಿಂದ ನನ್ನ ತೋಳು ಹೊರಟಿದೆ, ಅಂಗೈ ಮೇಲಕ್ಕೆ, ಮೊಳಕೈವರೆಗೆ ಬಳೆ, ಬೆರಳ ಸಂದಿನಲ್ಲಿ ನಿಂಬೆಹಣ್ಣು. ನನ್ನ ಕೈಯಲ್ಲಿ ನಿಂಬೆಹಣ್ಣು ಇರಲಿಲ್ಲ ಸರ್. ಕೆಳಗೆ 'ವೀರ ಉಜ್ಜಿನಪ್ಪ, ಆತನ ಸತಿ ದೇವಿಕಾ' ಎಂದು ಬರೆದಿದೆ.

ಮರುಳಸಿದ್ದಮ್ಮ ಅಂದಳು: "ಇದು ಮಾಸ್ತಿಕಲ್ಲು. ಗಂಡನ ಚಿತಿ ಏರಿದಾಕಿಗೆ ನಿಲ್ಲಸೂದು. ನಮ್ಮೂರ ಬೇವಿನ ಗಿಡದ ಬುಡಕ ಐತಲ್ಲ, ಹಂಗಾ ಕೈ." ಆ ಬೇವಿನ ಗಿಡದ ಕಲ್ಲಿಗೆ ನಾನೂ ಹೊಸದಾಗಿ ಬಂದಾಗ ಎಣ್ಣೆ ಹಚ್ಚಿದ್ದೇನೆ. ಅವಳು ಕೈ ಮುಗಿದಳು, ಅವಳನ್ನು ನೋಡಿ ಎಲ್ಲರೂ ಮುಗಿದರು. ನಾನು ಅಲ್ಲೇ ಬದುಕಿ ನಿಂತಿದ್ದೆ. ತಿರುಗಿ ಬರುವಾಗ ಗಾಡಿಯಲ್ಲಿ ನನ್ನ ಮಗ್ಗುಲಿಗೆ ಯಾರೂ ಕೂರಲಿಲ್ಲ.

ಸರ್, ನನಗೆ ಉಡಿಕಿ ಗೊತ್ತಾಗಿತ್ತು. ಈಗ ಹಿರಿಯರು, "ಕಲ್ಲಿನ್ಯಾಗ ಗಂಡನ ಜೋಡಿ ಹೋಗ್ಯಾಳ, ಆಕಿಗೆ ಉಡಿಕಿ ಹೆಂಗ ಮಾಡೂದು, ಊರಿಗೆ ಕೇಡು" ಅನ್ನುತ್ತಿದ್ದಾರೆ. ಅತ್ತೆಯೂ ಮಾತು ಬಿಟ್ಟಿದ್ದಾಳೆ. ಗೊತ್ತಿಲ್ಲದೆ ಹೀಗಾಗಿದೆ ಎಂದು ನಾನು ತಿಳಿದಿದ್ದೇನೆ. ಆ ತೋಳು ತೆಗೆಸಿಬಿಡಿ. ತೋಳು ಮಾತ್ರ ಆಗುವುದಿಲ್ಲವೆಂದರೆ ನನ್ನನ್ನೇ ಪೂರ್ತಿ ತೆಗೆಸಿ. ನನಗೆ ಕಲ್ಲಿನಲ್ಲಿ ಇರುವ ಆಸೆ ಇಲ್ಲ. ತೋರಣಗಲ್ಲಿನಲ್ಲಿ ಒಂದು ರೂಮಿನಲ್ಲಿ ಇರುವ ಆಸೆ ಇದೆ.

ನಿಮ್ಮ ವಿಧೇಯಳು,
ದೇವಿಕಾ

•

ಬಂಡ್ರಿ
೬ ಏಪ್ರಿಲ್ ೨೦೦೪

ಹೊಸಪ್ಯಾಟಿ ಸರ್ ಅವ್ರಿಗೆ,

ನಾ ನಿಂಗಕ್ಕ, ಉಜ್ಜಿನಪ್ಪನ ತಾಯಿ. ನಾ ಹೇಳ್ತೀನಿ, ಸಾಲಿ ಮಾಸ್ತರ ಬರೀತಾನ.

ನನ್ನ ಮಗನ್ನ ಪೆಟ್ಟಿಗ್ಯಾಗ ತಂದಾಗ ಮಿಲ್ಟ್ರಿಯವ್ರು ಮುಖ ತೋರಿಸಲಿಲ್ರಿ. ತೆಗೀಬ್ಯಾಡ್ರಿ ಅಂದ್ರು. ಒಳಗ ಅವನಾ ಇದ್ನೋ ಕಲ್ಲ ಇದ್ವೋ ಅಂತ ಇಷ್ಟು ವರ್ಷ ಅಂದ್ಕೋತ ಕುಂತಿದ್ದೆ. ನಿಮ್ಮ ಕಲ್ಲಿನ್ಯಾಗ ಮುಖ ನೋಡಿದೆ. ನಿಮ್ಮ ಕಾಲಿಗೆ ಬೀಳ್ತೀನಿ.

ಸೊಸಿನ್ನ ಬಿಟ್ಟುಕೊಡಾಕ ನಾನಾ ಒಪ್ಪಿದ್ದೆ, ಸುಳ್ಳು ಹೇಳಂಗಿಲ್ಲ. ಉಡಿಕಿಗಂತ ಹಸಿರು ಸೀರಿ ತಂದು ಟ್ರಂಕಿನ್ಯಾಗ ಇಟ್ಟೀನಿ. ಕಲ್ಲಿನ್ಯಾಗ ಅವನ ಬಾಜೂಕ ಆಕಿನ್ನ ನೋಡಿದ ಮ್ಯಾಗ ಮನಸ್ಸು ಬರವಲ್ದು. ಬಿಸಲಾಗ, ಮಳ್ಯಾಗ, ಆ ಲಾರಿ ಧೂಳಿನ್ಯಾಗ ನನ್ನ ಮಗ ಒಬ್ನಾ ನಿಂದ್ರಬೇಕೇನ್ರಿ? ಆಕಿ ಬಂದು ಕೈ ತಗಸ್ರಿ ಅಂದ್ರ ತಗಸಬ್ಯಾಡ್ರಿ. ಆಕಿ ಚೊಲೊ ಹುಡುಗಿ. ಭಾಳ ಚೊಲೊ ಹುಡುಗಿ. ಕೆಟ್ಟಾಕಿ ಆಗಿದ್ರ ಯಾವತ್ತೋ ಹೋಗು ಅಂತಿದ್ದೆ.

ನಿಂಗಕ್ಕನ ಹೆಬ್ಬೆಟ್ಟು

•

ಹೊಸಪೇಟೆ
೧೯ ಏಪ್ರಿಲ್ ೨೦೦೪

ಶ್ರೀಮತಿ ದೇವಿಕಾ ಅವರಿಗೆ,

ನಿಮ್ಮ ಪತ್ರ ಓದಿದೆ. ಗೊತ್ತಿಲ್ಲದೆ ಆಗಿದೆ ಎಂದು ಬರೆದಿದ್ದೀರಿ. ಮಾಸ್ತಿಕಲ್ಲುಗಳ ಮೇಲೆ ನಾನು ಎರಡು ಪುಸ್ತಕ ಬರೆದವನು. ಗೊತ್ತಿದ್ದೇ ಮಾಡಿಸಿದ್ದು. ಆ ತೋಳಿಲ್ಲದಿದ್ದರೆ ಅದು ಬರೀ ದಂಪತಿಗಳ ಫೋಟೋ ಆಗುತ್ತಿತ್ತು, ಸ್ಟುಡಿಯೋದಲ್ಲಿ ತೆಗೆಸುವಂಥದ್ದು.

ನೀವು ಹೆದರಿದ್ದೀರಿ. ಹೆದರಬೇಡಿ. ಯಾರೂ ನಿಮ್ಮನ್ನು ಬೆಂಕಿಗೆ ಹಾರು ಎನ್ನುತ್ತಿಲ್ಲ. ನಾವು ಆಧುನಿಕರು, ಇದು ಕೇವಲ ಸಂಕೇತ. ತ್ಯಾಗವನ್ನು ತೋರಿಸಲು ನಮ್ಮ ನಾಡಿಗೆ ಇದಕ್ಕಿಂತ ದೊಡ್ಡ ಸಂಕೇತ ಇಲ್ಲ. ನೀವು ಇನ್ನು ನಲವತ್ತು ವರ್ಷ ಬದುಕಬಹುದು, ಕಲ್ಲು ಸಾವಿರ ವರ್ಷ ಇರುತ್ತದೆ. ಇದರಲ್ಲಿ ಯಾವುದನ್ನು ತಿದ್ದಬೇಕು ಎಂದು ನೀವೇ ಯೋಚಿಸಿ.

ತೋಳನ್ನು ಒಡೆದರೆ ಬಿರುಕು ಉಜ್ಜಿನಪ್ಪನವರ ಭುಜದವರೆಗೆ ಹೋಗುತ್ತದೆ ಎಂದು ಶಿಲ್ಪಿ ಹೇಳುತ್ತಾರೆ. ಕಲ್ಲು ಇದ್ದ ಹಾಗೇ ಇರಲಿ ಎಂಬುದೇ ನಿಮ್ಮ ಅತ್ತೆಯವರ ಇಚ್ಛೆಯೂ. ಅವರ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ, ಓದಿ, ಮನಸ್ಸಿಗೆ ಸಮಾಧಾನವಾದೀತು.

ಮರುಮದುವೆ ನಿಮ್ಮ ಖಾಸಗಿ ವಿಷಯ, ನಾನು ಅಡ್ಡ ಬರುವವನಲ್ಲ. ಆಗಸ್ಟ್ ಹದಿನೈದರ ಅನಾವರಣದವರೆಗೆ ಮಾತ್ರ ತಡೆದುಕೊಳ್ಳಿ. ಮಂತ್ರಿಗಳು ಬರುತ್ತಾರೆ. ಬಿಳಿ ಸೀರೆ ಇದ್ದರೆ ಉಟ್ಟುಬನ್ನಿ.

ಇತಿ ಶುಭ ಕೋರುವ,
ವಿದ್ಯಾಧೀಶ

•

ಬಂಡ್ರಿ
೧೭ ಆಗಸ್ಟ್ ೨೦೦೪

ಯಲ್ಲೇಶಾ,

ಮೊನ್ನೆ ನೀನು ಬಂದರಿನಲ್ಲಿ ಲಾರಿಯ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೆಯಲ್ಲ, ಒಳ್ಳೆಯದಾಯಿತು. ನೋಡುವಂಥದ್ದಲ್ಲ ಅದು.

ಕಲ್ಲಿನ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಮಂತ್ರಿ ಪರದೆ ಎಳೆದರು. ಸಾಹುಕಾರರಿಗೆ ಸೇಬಿನ ಹಾರ. ವಿದ್ಯಾಧೀಶ ಸರ್ ಮೈಕಿನಲ್ಲಿ ಸತಿಯರ ಬಗ್ಗೆ ಮಾತಾಡಿ ಮಾತಾಡಿ ನಡುವೆ ನೀರು ಕುಡಿದರು. ಭಾಷಣ ಮುಗಿಯುವ ಮೊದಲೇ ಹೆಂಗಸರು ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಕಲ್ಲಿನ ನನ್ನ ಹಣೆಗೆ ಅರಿಶಿನ ಕುಂಕುಮ ಹಚ್ಚಿದರು. ಅದೇ ಬೆರಳಲ್ಲಿ ಒಬ್ಬಳು ನನ್ನ ಕಡೆಗೂ ಬಂದಳು, ಕುಂಕುಮ ಇನ್ನೇನು ತಾಗಬೇಕು, ನೆನಪಾಗಿ ಕೈ ಎಳೆದುಕೊಂಡಳು. ಕಲ್ಲು ಮುತ್ತೈದೆಯಂತೆ. ಗಂಡನ ಜೊತೆ ಹೋದವಳಿಗೆ ಮುತ್ತೈದೆತನ ಹೋಗುವುದಿಲ್ಲವಂತೆ. ನಾನು ಉಳಿದೆನಲ್ಲ, ನನಗಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅತ್ತೆ ಚೀಲದಿಂದ ಸೀರೆ ತೆಗೆದಳು. ನನ್ನ ಉಡಿಕಿಗೆಂದು ತಂದಿಟ್ಟ ಹಸಿರು ಸೀರೆ. ಅದನ್ನು ಕಲ್ಲಿಗೆ ಉಡಿಸಿದಳು. ನಿರಿಗೆ ನಿಲ್ಲಲಿಲ್ಲ. "ಬಾ ಇಲ್ಲಿ, ಸ್ವಲ್ಪ ಹಿಡಕೊ" ಅಂತ ನನ್ನನ್ನೇ ಕರೆದಳು. ನಾನು ಎದ್ದು ಹೋಗಿ ನಿರಿಗೆ ಹಿಡಿದೆ ಯಲ್ಲೇಶಾ. ಅಷ್ಟು ಮಂದಿಯ ಮುಂದೆ ಏನು ಮಾಡಬೇಕಿತ್ತು ಹೇಳು.

ಇನ್ನು ಅವಳು ನನ್ನನ್ನು ಕೊಡುವುದಿಲ್ಲ. ಉಡಿಕಿ ಹಾಳಾಗಿ ಹೋಗಲಿ. ಹೊಸಪೇಟೆಯ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದರೂ ಮದುವೆಯೇ. ಊರಿನವರು ಮುಖ ತಿರುಗಿಸಿದರೆ ತಿರುಗಿಸಲಿ, ಈಗೇನು ನನ್ನ ಮುಖ ನೋಡುತ್ತಿದ್ದಾರೆಯೆ? ನೀನು ದಿನ ಹೇಳು. ಉಟ್ಟ ಸೀರೆಯಲ್ಲಿ ಬಸ್ಸು ಹತ್ತುತ್ತೇನೆ.

ದೇವಿಕಾ

•

ಹೊಸಪೇಟೆ
೧೨ ಸೆಪ್ಟೆಂಬರ್ ೨೦೦೪

ದೇವಿಕಾ,

ದೀಪಾವಳಿ ಆದ ಸೋಮವಾರ. ಮುಂಜಾನೆ ಹೊಸಪ್ಯಾಟಿ ಬಸ್‌ಸ್ಟ್ಯಾಂಡಿಗೆ ಬಾ, ನಾ ಇರ್ತೀನಿ. ಸಾಕ್ಷಿಗೆ ಇಬ್ರು ಡ್ರೈವರಗಳಿಗೆ ಹೇಳೀನಿ. ಬಸ್ಸಿನ ಕೆಲಸ ಇನ್ನ ಸಿಕ್ಕಿಲ್ಲ, ಸಿಗ್ತೈತಿ. ನಮ್ಮವ್ವ ಸ್ವಲ್ಪ ಅಳಾಕತ್ತಾಳ. ಕಲ್ಲಿನ ಹೆಣ್ಮಗಳನ್ನ ಮನಿ ತುಂಬಿಸಿಕೊಂಡ್ರ ಏನಾಗ್ತೈತೋ ಅಂತ. ಅಳಲಿ, ಮಗನ್ನ ಬಿಟ್ಟು ಎಲ್ಲಿ ಹೋಗ್ತಾಳ.

ಒಂದು ಹೇಳ್ತೀನಿ ನಗಬ್ಯಾಡ. ನಮ್ಮ ಡ್ರೈವರಗಳು ಲೋಡ್ ತೊಗೊಂಡು ಸರ್ಕಲ್ ದಾಟೂ ಮುಂದ ನಿನಗ ಕಾಯಿ ಒಡ್ಯಾಕತ್ತಾರ. ಕೈ ಎತ್ತಿ ಕಳಸ್ತಾಳ, ಘಾಟಿನ್ಯಾಗ ಕಾಯ್ತಾಳ ಅಂತ. ಕೈಯೆತ್ತಿದವ್ವ ಅಂತ ಹೆಸರಿಟ್ಟಾರ. ನಮ್ಮ ಓನರ್ ದಿನಾ ಒಂದು ಕಾಯಿಗೆ ರೊಕ್ಕ ಕೊಡ್ತಾನ. ನಾ ಒಡ್ಯಂಗಿಲ್ಲ, ಕಾಯಿ ಮನಿಗೆ ಒಯ್ದು ಚಟ್ನಿ ಮಾಡಸ್ತೀನಿ. ಹೆಂಡ್ತಿ ಆಗಾಕಿಗೆ ಯಾರರ ಕಾಯಿ ಒಡೀತಾರೇನು?

ಯಲ್ಲೇಶ್

•

ಹೊಸಪೇಟೆ
೨೫ ನವೆಂಬರ್ ೨೦೦೪

ದೇವಿಕಾ,

ಆ ಸೋಮವಾರ ನೀ ಬಸ್‌ಸ್ಟ್ಯಾಂಡಿನ್ಯಾಗ ಕಾದಿರಬೇಕು. ನಾ ಬರಲಿಲ್ಲ. ಯಾಕ ಅಂತ ಬರೀತೀನಿ, ಪೂರ್ತಿ ಓದು.

ದೀಪಾವಳಿ ಮುಂದ ಕಡೀ ಟ್ರಿಪ್. ಅರಬೈಲ್ ಘಾಟಿನ್ಯಾಗ ಇಳಿಯಾಕಾರ ಬ್ರೇಕ್ ಹಿಡೀಲಿಲ್ಲ. ತುಳದೆ, ತುಳದೆ, ಏನೂ ಇಲ್ಲ. ಹಿಂದ ಲೋಡ್, ಮುಂದ ತಿರುವು, ಕೆಳಗ ಗಿಡದ ತುದಿ ಅಷ್ಟ ಕಾಣ್ತಿದ್ವು. ಬಾಯಿಲೆ ಅವ್ವಾ ಅಂತ ಬಂತು. ನಮ್ಮವ್ವ ಅಲ್ಲ. ಕಣ್ಣ ಮುಂದ ಬಂದಾಕಿ ಕೈ ಎತ್ತಿದ್ಲು, ಮೊಳಕೈ ಮಟ ಬಳಿ ಇದ್ವು. ಲಾರಿ ಎಡಕ್ಕ ಎಳೀತು, ಮಣ್ಣಿನ ದಿಬ್ಬಕ್ಕ ಗುದ್ದಿ ನಿಂತಿತು. ನನಗ ಒಂದು ಗೀರೂ ಆಗಿಲ್ಲ.

ಸಂಡೂರಿಗೆ ಬಂದು ಕಾಯಿ ಒಡದೆ. ಎಲ್ಲಾರ ಮುಂದ ಅಡ್ಡ ಬಿದ್ದೆ. ಬಿದ್ದಾಗ ತಿಳೀತು ನಾ ಏನ್ ಮಾಡಿದೆ ಅಂತ. ಅವ್ವಾ ಅಂದ ಬಾಯಿಲೆ ನಿನ್ನನ್ನ ಹೆಂಡ್ತಿ ಅಂತ ಹೆಂಗ ಕರೀಲಿ? ಕಾಲು ಮುಟ್ಟಿ ಕಣ್ಣಿಗೆ ಒತ್ತಿಗೊಂಡಾಕಿ ಜೋಡಿ ಹೆಂಗ ಮಲಗಲಿ? ನನ್ನ ಕೈಲೆ ಆಗೂದಿಲ್ಲ. ನಿನ್ನ ಮ್ಯಾಗ ಮನಸ್ಸು ಹೋಗಿಲ್ಲ. ಆದ್ರ ಅದು ಈಗ ಬ್ಯಾರೆ ಥರ ಆಗೈತಿ.

ಯಲ್ಲೇಶ್

•

ಬಂಡ್ರಿ
೧ ಡಿಸೆಂಬರ್ ೨೦೦೪

ಯಲ್ಲೇಶಾ,

ಪೂರ್ತಿ ಓದಿದೆ. ಈಗ ನೀನು ಓದು.

ನಿನ್ನ ಲಾರಿಯನ್ನು ಹಿಡಿದದ್ದು ಮಣ್ಣಿನ ದಿಬ್ಬ. ಆ ಹೊತ್ತಿನಲ್ಲಿ ನಾನು ಅಂಗನವಾಡಿಯ ಹಿಂದೆ ಒಬ್ಬ ಹುಡುಗಿಯ ತಲೆಯಲ್ಲಿ ಹೇನು ಹೆಕ್ಕುತ್ತಿದ್ದೆ. ನನ್ನ ಹಿಮ್ಮಡಿ ಒಡೆದಿದೆ, ಚಳಿಗೆ ರಕ್ತ ಬರುತ್ತದೆ. ಮೂಗು ಕಟ್ಟಿದೆ. ನಿನ್ನೆ ಅತ್ತೆಯ ಮೇಲಿನ ಸಿಟ್ಟಿಗೆ ಎಮ್ಮೆಗೆ ಹೊಡೆದೆ, ಆಮೇಲೆ ಪಾಪ ಅನ್ನಿಸಿ ಅದಕ್ಕೆ ಬೆಲ್ಲ ತಿನ್ನಿಸಿದೆ. ನೀನು ಅಡ್ಡ ಬಿದ್ದ ಆ ಹೆಣ್ಣಿಗೆ ಇದರಲ್ಲಿ ಯಾವುದಾದರೂ ಇದೆಯೆ ನೋಡಿ ಬಾ.

ಹೋದ ವರ್ಷ ತುಂಗಭದ್ರಾ ಡ್ಯಾಮಿನ ತೋಟದಲ್ಲಿ ನನ್ನ ಕೈ ಹಿಡಿದುಕೊಂಡು ಎಷ್ಟು ಒರಟಾಗಿದೆ ಅಂತ ನೀನು ನಕ್ಕಿದ್ದೆ. ಆ ಕೈ ಇದು, ಬರೆಯುತ್ತಿದೆ. ಆವತ್ತು ನೀನು ಕೈ ಮುಗಿಯಲಿಲ್ಲ, ಮುಗಿಯುವಂಥ ಯೋಚನೆಯೂ ನಿನ್ನ ತಲೆಯಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯವರೆಗೂ ಕೂತಿದ್ದೆ. ಮನೆ ಬಿಟ್ಟು ಬಂದವಳು ತಿರುಗಿ ಮನೆಗೆ ಹೋಗಿ ಅತ್ತೆಗೆ ಹಲ್ಲುನೋವಿಗೆ ಆಸ್ಪತ್ರೆಗೆ ಹೋಗಿದ್ದೆ ಅಂದೆ. ದೇವರುಗಳು ಹೀಗೆ ಸುಳ್ಳು ಹೇಳುತ್ತವೆಯೇನು?

ಒಂದು ಸಲ ಎದುರಿಗೆ ಬಾ. ಬರುವ ಸೋಮವಾರ ನೀನು ಲೋಡ್ ತೆಗೆದುಕೊಂಡು ಸರ್ಕಲ್ ದಾಟುವಾಗ ನಾನು ಅಲ್ಲೇ ಇರುತ್ತೇನೆ, ಕಲ್ಲಿನ ಹತ್ತಿರವೇ. ಇಬ್ಬರನ್ನೂ ನೋಡು. ನೋಡಿದ ಮೇಲೂ ಆಗುವುದಿಲ್ಲ ಅಂದರೆ ಇನ್ನು ಕೇಳುವುದಿಲ್ಲ. ನನಗೆ ನೀನು ಬೇಕು. ನಾಚಿಕೆ ಬಿಟ್ಟು ಬರೆದಿದ್ದೇನೆ, ಬಾ.

ದೇವಿಕಾ

•

ಹೊಸಪೇಟೆ
೧೦ ಜನವರಿ ೨೦೦೫

ಶ್ರೀಮತಿ ದೇವಿಕಾ ಅವರಿಗೆ,

ಹೊಸ ವರ್ಷದ ಶುಭಾಶಯಗಳು. ನಮ್ಮ ಸ್ಮಾರಕಕ್ಕೆ ದಿನವೂ ಪೂಜೆ ನಡೆಯುತ್ತಿರುವುದು ನಿಮಗೂ ಗೊತ್ತಿರಬೇಕು. ಮೊದಲು ನನಗೆ ಮುಜುಗರವಾಯಿತು, ಈಗ ಆನಂದವಾಗಿದೆ. ಕಣ್ಣೆದುರೇ ಒಂದು ಪರಂಪರೆ ಹುಟ್ಟುವುದನ್ನು ಎಷ್ಟು ಜನ ಇತಿಹಾಸಕಾರರು ಕಂಡಾರು? ಈ ಬಗ್ಗೆ ಧಾರವಾಡದ ವಿಚಾರಸಂಕಿರಣದಲ್ಲಿ ಪ್ರಬಂಧ ಓದುತ್ತಿದ್ದೇನೆ.

ಬರೆಯಲು ಕಾರಣ ಬೇರೆ. ಹೋದ ತಿಂಗಳು ಒಂದು ಸೋಮವಾರ ನೀವು ಬೆಳಗಿನಿಂದ ಕತ್ತಲಾಗುವವರೆಗೆ ಸರ್ಕಲ್ಲಿನಲ್ಲಿ ನಿಂತಿದ್ದಿರಂತೆ. ಹೋಗಿಬರುವ ಲಾರಿಗಳಲ್ಲಿ ಇಣುಕಿ ನೋಡುತ್ತಿದ್ದಿರಂತೆ. ಮಧ್ಯಾಹ್ನ ಕಲ್ಲಿನ ಕಟ್ಟೆಯ ಮೇಲೆಯೇ ಕೂತು ಮಿರ್ಚಿ ಮಂಡಕ್ಕಿ ತಿಂದು ಕೈಯನ್ನು ಅಲ್ಲೇ ಒರೆಸಿದಿರಂತೆ. ಭಕ್ತರ ಮನಸ್ಸಿಗೆ ನೋವಾಗಿದೆ. ಚಾಲಕರೊಬ್ಬರು ಸಮಿತಿಗೆ ಬಂದು, ಅವಳನ್ನು ಅಲ್ಲಿ ನೋಡಿದರೆ ಮೈ ನಡುಗುತ್ತದೆ, ಅವಳು ಬಾರದ ಹಾಗೆ ಮಾಡಿ ಎಂದು ಕೇಳಿಕೊಂಡರು. ಕೂಡ್ಲಿಗಿ ಕಡೆಯ ಹುಡುಗ, ಯಲ್ಲೇಶನೋ ಏನೋ ಹೆಸರು.

ನೀವು ಬುದ್ಧಿವಂತರು. ಇನ್ನು ಮೇಲೆ ಆ ಕಡೆ ಬರುವುದಾದರೆ ದಯವಿಟ್ಟು ಬಸ್ಸಿನಿಂದ ಇಳಿಯಬೇಡಿ.

ಇತಿ ಶುಭ ಕೋರುವ,
ವಿದ್ಯಾಧೀಶ

•

ಹೊಸಪೇಟೆ
೨೨ ಏಪ್ರಿಲ್ ೨೦೦೫

ಅವ್ವಾ,

ಹಿಂಗ ಬರ್ಯಾಕ ಮೊದ್ಲು ಕೈ ಬರಲಿಲ್ಲ, ಈಗ ಬರ್ತೈತಿ.

ಆವತ್ತು ಸೋಮವಾರ ನಿನ್ನ ನೋಡಿದೆ. ಕಲ್ಲಿನ್ಯಾಗೂ ನೀನಾ, ಕೆಳಗೂ ನೀನಾ. ಕೆಳಗಿನಾಕಿ ನನ್ನ ನೋಡಿ ನಕ್ಲು. ಲಾರಿ ನಿಲ್ಲಸಲಿಲ್ಲ, ಸ್ಟೇರಿಂಗ್ ಮ್ಯಾಲಿಂದಾನಾ ಕೈ ಮುಗದೆ. ಅದಕ್ಕ ಸಮಿತಿಗೆ ಹೋಗಿ ಹೇಳಿದೆ, ತಪ್ಪು ತಿಳೀಬ್ಯಾಡ.

ನನ್ನ ಲಗ್ನ ಗೊತ್ತಾಗೈತಿ. ಹುಡುಗಿ ಕಂಪ್ಲಿಯಾಕಿ, ಹೆಸರು ವಿರುಪಮ್ಮ. ಮೊದಲ್ನೇ ಲಗ್ನಪತ್ರಿಕೆ ದೇವರ ಮುಂದ ಇಟ್ಟು ಆಮ್ಯಾಗ ಮಂದಿಗೆ ಹಂಚೂದಲ್ಲೇನು? ಕಲ್ಲಿನ ಮುಂದ ಇಟ್ರ ಗಾಳಿಗೆ ಹಾರಿ ಲಾರಿ ಕೆಳಗ ಹೋದೀತು ಅಂತ ನಿನ್ನ ಹೆಸರಿಗೇ ಪೋಸ್ಟ್ ಮಾಡೀನಿ. ಮೂಲಿಗೆ ಅರಿಶಿಣ ನಾನಾ ಹಚ್ಚೀನಿ. ಅಕ್ಕಿಕಾಳು ಬಿದ್ದ ಕೂಡಲೆ ಇಬ್ರೂ ಬಂದು ನಿನಗ ಉಡಿ ತುಂಬ್ತೀವಿ. ಆಶೀರ್ವಾದ ಮಾಡು. ಮಳಿಗಾಲ ಬರ್ತೈತಿ, ಘಾಟಿನ್ಯಾಗ ಕೈ ಬಿಡಬ್ಯಾಡ.

ನಿನ್ನ ಮಗ,
ಯಲ್ಲೇಶ್

•

ಬಂಡ್ರಿ
೨ ಮೇ ೨೦೦೫

ಯಲ್ಲೇಶಾ,

ಪತ್ರಿಕೆ ಮುಟ್ಟಿತು. ಅರಿಶಿನ ನಾಲ್ಕೂ ಮೂಲೆಗೆ ಸರಿಯಾಗಿ ಹಚ್ಚಿದ್ದೀಯ. ಅಂಗನವಾಡಿಯ ಮಕ್ಕಳು ಗಣಪತಿಯ ಚಿತ್ರ ಚಂದ ಇದೆ ಅಂತ ಕತ್ತರಿಸಿಕೊಂಡವು, ಕೊಟ್ಟೆ.

ಮೂರು ದಿನ ಏನೂ ಬರೆಯಬಾರದು ಅಂತ ಇದ್ದೆ. ಮನುಷ್ಯಳಾಗಿದ್ದರೆ ಬರೆಯುತ್ತಲೂ ಇರಲಿಲ್ಲ. ಎಲ್ಲಾದರೂ ಸುಖವಾಗಿರಲಿ ಅಂತ ಎರಡು ದಿನ ಅತ್ತು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ನಮ್ಮತ್ತೆಯನ್ನೂ ಹಾಗೇ ಹೊಟ್ಟೆಗೆ ಹಾಕಿಕೊಂಡಿದ್ದೇನೆ, ದಿನಾ ಅವಳಿಗೆ ರೊಟ್ಟಿ ಬಡಿಯುತ್ತೇನೆ. ನಿನ್ನನ್ನು ಮಾತ್ರ ಆಗುವುದಿಲ್ಲ. ಅವಳು ನನ್ನನ್ನು ತನ್ನ ಮಗನಿಗೆ ಜೊತೆಗೆಂದು ಇಟ್ಟುಕೊಂಡಳು. ನೀನು ನನ್ನನ್ನು ನಿನ್ನ ಬ್ರೇಕಿಗೆ ಇಟ್ಟುಕೊಂಡೆ.

ಡಿಸೆಂಬರಿನಲ್ಲಿ ನಾನು ಬರೆದದ್ದು ಸುಳ್ಳು. ಅವತ್ತು ಘಾಟಿನಲ್ಲಿ ನಿನ್ನ ಲಾರಿ ಹಿಡಿದದ್ದು ದಿಬ್ಬವಲ್ಲ. ನಾನೇ. ನೀನು ಅವ್ವಾ ಅಂದದ್ದು ಕೇಳಿಸಿತು, ಬಂದೆ, ಎಡಕ್ಕೆ ಎಳೆದೆ.

ಇನ್ನು ಬರುವುದಿಲ್ಲ. ನೀನು ಕಾಯಿ ಒಡೆದರೂ ಇಲ್ಲ, ನಿನ್ನ ಹೆಂಡತಿ ಉಡಿ ತುಂಬಿದರೂ ಇಲ್ಲ. ಬೇರೆ ಡ್ರೈವರುಗಳನ್ನೆಲ್ಲ ಕಾಯುತ್ತೇನೆ, ನಿನ್ನೊಬ್ಬನನ್ನು ಬಿಟ್ಟಿದ್ದೇನೆ. ವಿರುಪಮ್ಮನಿಗೆ ಇದನ್ನು ಓದಿ ಹೇಳಬೇಡ, ಅವಳದೇನು ತಪ್ಪಿದೆ, ನಿದ್ದೆ ಮಾಡಲಿ. ನೀನು ಮಾತ್ರ ಪ್ರತಿ ಇಳಿಜಾರಿನಲ್ಲೂ ಕಾಲು ಬ್ರೇಕಿನ ಮೇಲಿಡುವಾಗ ಇದನ್ನು ನೆನೆಸಿಕೋ.

ನೀನು ನಂಬುತ್ತೀಯ ಅಂತ ನನಗೆ ಗೊತ್ತು. ಅದಕ್ಕೇ ಬರೆದೆ.

ದೇವಿಕಾ